ಬೀಗ ಬಿದ್ದ ಮನೆ: ಬಳಕೆದಾರರ ಕೈಪಿಡಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ನಿಮ್ಮ ವಾಸವಿದ್ದು, ಪಕ್ಕದ ಮನೆಗೆ ಬೀಗ ಬಿದ್ದು ವರ್ಷಗಳಾಗಿದ್ದರೆ ಈ ಕೈಪಿಡಿ ನಿಮಗಾಗಿ. ಆ ಮನೆಯ ತಾರಸಿಯಲ್ಲಿ ನಿಂತ ನೀರು ನಿಮ್ಮ ಬೀದಿಗೆಲ್ಲ ಸೊಳ್ಳೆ ಸಾಕುತ್ತಿರಬಹುದು. ಅದರ ಪ್ಯಾರಾಪೆಟ್ಟಿನಲ್ಲಿ ಹುಟ್ಟಿದ ಅರಳಿ ಸಸಿ ನಿಮ್ಮ ಗೋಡೆಗೂ ಬೇರು ಇಳಿಸಿರಬಹುದು. ಬೆಳಗಿನ ವಾಕಿಂಗ್‌ನಲ್ಲಿ ಯಾರಾದರೂ, "ಸರ್ಕಾರ ದುಡ್ಡು ಹಾಕಿ ಇವನ್ನೆಲ್ಲ ರಿಪೇರಿ ಮಾಡಿ ಬಡವರಿಗೆ ಕೊಡಬಾರದಾ?" ಎಂದು ಕೇಳಿ, ನೀವು ಹೌದೆಂದು ತಲೆ ಆಡಿಸಿಯೂ ಇರಬಹುದು. ಹಾಗಿದ್ದರೆ ಬಳಸುವ ಮುನ್ನ ಪೂರ್ತಿ ಓದಿ. ಓದಿದ ಮೇಲೆ ಬಳಸುವ ಮನಸ್ಸೇ ಹೋದರೆ ತಯಾರಕರು ಹೊಣೆಯಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ನಿವೇಶನ, ಸಾಮಾನ್ಯವಾಗಿ ಮೂವತ್ತು-ನಲವತ್ತು. ಅದರ ಮೇಲೆ ಒಂದು ಮನೆ. ರಾಜಾಜಿನಗರದ್ದಾದರೆ ಮನೆಗೂ ಬಡಾವಣೆಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. 1945ರಲ್ಲಿ ಹುಟ್ಟಿದ ನಗರ ಸುಧಾರಣಾ ಮಂಡಳಿ, ಅಂದರೆ ಸಿಐಟಿಬಿಯ ಕಾಲದ್ದು ಅದು. 1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರಿಟ್ಟು, ಕಾರ್ಖಾನೆಗಳನ್ನೂ ಅವುಗಳಲ್ಲಿ ದುಡಿಯುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಶುರುಮಾಡಿದ ಬಡಾವಣೆ. ರೆಡ್ ಆಕ್ಸೈಡ್ ನೆಲ, ಮುಂದೆ ಜಾಲರಿ ಹಾಕಿದ ವರಾಂಡ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಸೀಬೆ ಮರ, ಅಕ್ಷರ ಉದುರಿದ ನೇಮ್‌ಪ್ಲೇಟು. ಜತೆಗೆ ಬೀಗ ಒಂದು. ಕೀಲಿಕೈ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ಮುಖ್ಯವಾಗಿ ಗಮನಿಸಿ: ಈ ಮನೆಗೆ ಬೆಲೆಯಿಲ್ಲ ಎಂದು ಯಾರೂ ಬಿಟ್ಟುಹೋಗಿಲ್ಲ. ಮನೆಯ ಬೆಲೆ ಸೊನ್ನೆ ಇರಬಹುದು, ಕೆಳಗಿನ ಮಣ್ಣಿನ ಬೆಲೆ ಕೋಟಿಗಳಲ್ಲಿದೆ. ಮೆಟ್ರೊ ಬಂದಮೇಲಂತೂ ಕೇಳುವುದೇ ಬೇಡ. 2015ರಲ್ಲಿ ಮಾಗಡಿ ರಸ್ತೆಯಿಂದ ವಿಜಯನಗರ ದಾಟಿ ಮೈಸೂರು ರಸ್ತೆವರೆಗೆ ರೈಲು ಓಡಿತು, 2021ರಲ್ಲಿ ಕೆಂಗೇರಿ ತಲುಪಿತು. ಒಂದೊಂದು ನಿಲ್ದಾಣ ತೆರೆದಾಗಲೂ ಬೀಗ ಬಿದ್ದ ಮನೆಯ ಬೆಲೆ ಏರಿತು, ಜತೆಗೆ ಬೀಗ ತೆಗೆಯುವ ಆತುರ ಇಳಿಯಿತು. ಸುಮ್ಮನೆ ಇಟ್ಟುಕೊಂಡರೂ ಲಾಭ ಕೊಡುವ ವಸ್ತುವನ್ನು ಯಾರು ತಾನೇ ಅಲ್ಲಾಡಿಸುತ್ತಾರೆ?

ಮಾದರಿ ಗುರುತಿಸುವುದು

ಗೋಡೆ ಓದಿ. "ಈ ಸ್ವತ್ತು ಮಾರಾಟಕ್ಕಿಲ್ಲ" ಎಂದು ಕೆಂಪು ಬಣ್ಣದಲ್ಲಿ ಬರೆದು ಕೆಳಗೆ ಒ.ಎಸ್. ನಂಬರು, ಅಂದರೆ ದಾವೆಯ ನಂಬರು, ಹಾಕಿದ್ದರೆ ಅದು ಕೋರ್ಟ್ ಮಾದರಿ. ಬ್ಯಾಂಕಿನ ಹೆಸರು, ಅಡಮಾನದ ಮಾತು, ಅಂಟಿಸಿದ ನೋಟಿಸು ಇದ್ದರೆ ಬ್ಯಾಂಕ್ ಮಾದರಿ. ಗೋಡೆ ಮೇಲೆ ಏನೂ ಬರೆಯದೆ, ಯುಗಾದಿಗೊಮ್ಮೆ ಯಾರೋ ಬಂದು ಗುಡಿಸಿ ಹೋಗುತ್ತಿದ್ದರೆ ಮಕ್ಕಳು ಹೊರದೇಶದಲ್ಲಿರುವ ಮಾದರಿ. ಇದಕ್ಕೆ ಈ ಕೈಪಿಡಿಯಲ್ಲಿ ಯಾವ ಸಲಹೆಯೂ ಇಲ್ಲ, ಗೇಟಿನ ಬಳಿ ಸಿಕ್ಕಾಗ ಚೆನ್ನಾಗಿದ್ದೀರಾ ಎಂದು ಕೇಳಿ ಸಾಕು. ಕಿಟಕಿಗೆ ಗಾಜು ಕೂರಿಸುವ ಮೊದಲೇ ಪಾಳು ಬಿದ್ದಿದ್ದು, ಮುಂದೆ ಶಂಕುಸ್ಥಾಪನೆಯ ಕಲ್ಲು ಮಾತ್ರ ಹೊಳೆಯುತ್ತಿದ್ದರೆ ಸರ್ಕಾರಿ ಮಾದರಿ. ಅದರ ವಿಚಾರ ಮುಂದಿದೆ.

ಅನುದಾನ ಹಾಕುವ ಕಿಂಡಿ

ಈ ಯಂತ್ರಕ್ಕೆ ಸರ್ಕಾರದ ಹಣ ಹಾಕುವ ಕಿಂಡಿ ಇರುವ ಆವೃತ್ತಿ ಅಮೆರಿಕದ್ದು. 2008ರಲ್ಲಿ ಅಲ್ಲಿ ಗೃಹಸಾಲದ ಬಿಕ್ಕಟ್ಟು ಬಂದಾಗ, ಬ್ಯಾಂಕುಗಳು ವಶಪಡಿಸಿಕೊಂಡು ಪಾಳು ಬಿಟ್ಟ ಮನೆಗಳಿಗಾಗಿಯೇ ಕೇಂದ್ರ ಸರ್ಕಾರ ಮೊದಲ ಕಂತಿನಲ್ಲಿ 392 ಕೋಟಿ ಡಾಲರ್ ಇಟ್ಟಿತು. ಮೂರು ಕಂತು ಸೇರಿ ಸುಮಾರು 700 ಕೋಟಿ ಡಾಲರ್. ರಾಜ್ಯಗಳು, ನಗರಗಳು ಈ ಹಣದಲ್ಲಿ ಮನೆ ಕೊಳ್ಳಬಹುದು, ರಿಪೇರಿ ಮಾಡಿ ಮಾರಬಹುದು, ಬಾಡಿಗೆಗೆ ಕೊಡಬಹುದು, ಉಪಯೋಗವಿಲ್ಲದ್ದನ್ನು ಕೆಡವಬಹುದು. ಮೊದಲ ಕಂತನ್ನು 18 ತಿಂಗಳೊಳಗೆ ಯಾವುದಕ್ಕೆಂದು ನಿಗದಿ ಮಾಡಲೇಬೇಕು, ಕಾಲು ಭಾಗವನ್ನು ತೀರಾ ಕಡಿಮೆ ಆದಾಯದವರ ವಸತಿಗೇ ಬಳಸಬೇಕು ಎಂಬ ಷರತ್ತೂ ಇತ್ತು. ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್‌ನಂಥ ಊರುಗಳ ಎಷ್ಟೋ ಬೀದಿಗಳಲ್ಲಿ ರಿಪೇರಿಯ ಖರ್ಚು ಮನೆಯ ಬೆಲೆಯನ್ನೇ ಮೀರುತ್ತಿತ್ತು. ಆ ವ್ಯತ್ಯಾಸವನ್ನು ಸರ್ಕಾರ ತುಂಬದಿದ್ದರೆ ಯಾರೂ ಕೈಹಾಕುವ ಹಾಗಿರಲಿಲ್ಲ.

ಆ ಕಿಂಡಿಯನ್ನು ನಮ್ಮ ಯಂತ್ರದಲ್ಲಿ ಹುಡುಕಬೇಡಿ. ಬಸವೇಶ್ವರನಗರದ ಪಾಳು ಮನೆಗೆ ಹಣ ಹಾಕಲು ಬಿಲ್ಡರುಗಳು ಸರದಿಯಲ್ಲಿ ನಿಂತಿದ್ದಾರೆ. ಅವರಿಗೂ ಬೀಗ ತೆಗೆಯಲಾಗದು ಎಂದ ಮೇಲೆ ಇಲ್ಲಿ ಕೊರತೆಯಿರುವುದು ಹಣದ್ದಲ್ಲ. ಇಲ್ಲಿನ ಬೀಗ ಕಾಗದದ್ದು. ಅದನ್ನು ತೆರೆಯುವ ವಿಧಾನ ಮಾದರಿಯಿಂದ ಮಾದರಿಗೆ ಬೇರೆ.

ಬ್ಯಾಂಕ್ ಮಾದರಿ: ಚಾಲನೆ

ಇದು ಸರ್ಫೇಸಿ ಕಾಯ್ದೆಯ ಮೇಲೆ ಓಡುತ್ತದೆ, 2002ರ ತಯಾರಿಕೆ. ಸಾಲದ ಕಂತು 90 ದಿನ ತಪ್ಪಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಬಳಿಕ 60 ದಿನದ ನೋಟಿಸು. ಅದಕ್ಕೂ ಹಣ ಬಾರದಿದ್ದರೆ ಬ್ಯಾಂಕು ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡು, ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಒಂದು ಸ್ಥಳೀಯ ಭಾಷೆಯದಿರಬೇಕು. ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ತುಂಬುವ ಆ ಸಣ್ಣಕ್ಷರದ ಪಟ್ಟಿಯನ್ನು ಒಂದು ಭಾನುವಾರ ಕುಳಿತು ಓದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಸೈಟ್ ನಂಬರ್ ಇಷ್ಟು. ನಮ್ಮ ಬಡಾವಣೆಗಳ ಇಷ್ಟು ನಿಖರವಾದ ವರ್ಣನೆಯನ್ನು ಯಾವ ಕಾದಂಬರಿಕಾರನೂ ಮಾಡಿಲ್ಲ.

ಈ ಸ್ವಾಧೀನ ಬಹುಪಾಲು ಸಾಂಕೇತಿಕ. ಅಂದರೆ ಕಾನೂನಿನ ಪ್ರಕಾರ ಮನೆ ಬ್ಯಾಂಕಿನ ಕೈಯಲ್ಲಿದೆ, ಅಡುಗೆಮನೆಯಲ್ಲಿ ಮಾತ್ರ ಸಾಲಗಾರರ ಕುಕ್ಕರ್ ಕೂಗುತ್ತಿದೆ. ಭೌತಿಕ ಸ್ವಾಧೀನ ಬೇಕೆಂದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಹಾಕಬೇಕು. ಅವರು 30 ದಿನದೊಳಗೆ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ 60 ದಿನದೊಳಗೆ ಆದೇಶ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಕಾಯ್ದೆಯ ಕ್ಯಾಲೆಂಡರಿಗೂ ಗೋಡೆಯ ಕ್ಯಾಲೆಂಡರಿಗೂ ಹೊಂದಾಣಿಕೆ ಇರಬೇಕೆಂದಿಲ್ಲ.

ಆದೇಶ ಜಾರಿಯಾಗುವ ದಿನ ಬಳಕೆದಾರರು ತಮ್ಮ ಮನೆಯೊಳಗೇ ಇರುವುದು ಕ್ಷೇಮ. ಕೋರ್ಟ್ ಕಮಿಷನರ್ ಆಗಿ ಒಬ್ಬ ವಕೀಲರು, ಇಬ್ಬರು ಪೊಲೀಸರು, ಬ್ಯಾಂಕಿನವರು, ಮೊಬೈಲಿನಲ್ಲಿ ವಿಡಿಯೊ ಮಾಡುವ ಹುಡುಗ, ಬೀಗ ಒಡೆಯುವವ. ಬೀಗ ಒಡೆಯುವವ ಎಲ್ಲರಿಗಿಂತ ನಿಧಾನಸ್ಥ. ಅವನಿಗೆ ಇದು ದಿನದ ಎರಡನೆಯದೋ ಮೂರನೆಯದೋ ಮನೆ. ಪಟ್ಟಿ ಶುರುವಾಗುತ್ತದೆ: ಉಕ್ಕಿನ ಬೀರು ಒಂದು, ಪ್ಲಾಸ್ಟಿಕ್ ಕುರ್ಚಿ ನಾಲ್ಕು, ಗ್ಯಾಸ್ ಒಲೆ ಒಂದು. ದೇವರ ಗೂಡಿನ ಮುಂದೆ ಬಂದಾಗ ಬರೆಯುವವರ ಕೈ ತಡೆಯುತ್ತದೆ. ಫೋಟೊಗಳನ್ನು ಸಾಮಾನಿನ ಪಟ್ಟಿಗೆ ಸೇರಿಸಬೇಕೆ, ಮನೆಯವರ ಕೈಗೆ ಕೊಡಬೇಕೆ? ಎದುರು ಮನೆಯ ಅಜ್ಜಿ ಗೇಟಿನಾಚೆಯಿಂದಲೇ ತೀರ್ಪು ಕೊಡುತ್ತಾರೆ: "ದೇವರೇನು ಸಾಲ ಮಾಡಿದ್ನೇನಪ್ಪಾ? ಕೊಟ್ಕಳಿಸ್ರಿ." ಕೊಡುತ್ತಾರೆ. ಹೊಸ ಬೀಗ, ಅದರ ಮೇಲೆ ಅರಗಿನ ಮುದ್ರೆ. ಇಲ್ಲಿಂದ ಮುಂದೆ ನಿಮ್ಮ ಪಕ್ಕದಲ್ಲಿರುವುದು ಅಧಿಕೃತ ಪಾಳು ಮನೆ.

ಹರಾಜಿಗೆ 30 ದಿನದ ನೋಟಿಸು ಕೊಡಬೇಕು. ಗೆದ್ದವರು ಅಂದೇ ಅಥವಾ ಮರು ಕೆಲಸದ ದಿನ ಕಾಲು ಭಾಗ ಕಟ್ಟಬೇಕು, ಉಳಿದದ್ದಕ್ಕೆ 15 ದಿನ. ಸಾಲಗಾರರು ಸಾಲ ವಸೂಲಿ ನ್ಯಾಯಮಂಡಳಿಗೆ 45 ದಿನದೊಳಗೆ ಹೋಗಬಹುದು. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈನಲ್ಲಿ, ಅದಕ್ಕೆ ಮೊದಲು ಬಾಕಿಯ ಅರ್ಧ, ನ್ಯಾಯಮಂಡಳಿ ಒಪ್ಪಿದರೆ ಕಾಲು ಭಾಗ, ಠೇವಣಿ. ಸಾಲ ತೀರಿಸಲು ಹಣವಿಲ್ಲದವರು ಸಾಲ ತೀರಿಸಲಾಗಲಿಲ್ಲವೇಕೆ ಎಂದು ವಾದಿಸಲು ಹಣ ಹೊಂದಿಸಬೇಕು. ಕೊಂಡವರ ಪಾಡೂ ಸುಖವಲ್ಲ. "ಇದ್ದದ್ದು ಇದ್ದ ಹಾಗೆ, ಇರುವಲ್ಲಿಯೇ" ಎಂಬ ಷರತ್ತಿನ ಅಡಿಯಲ್ಲಿ ಬಾಕಿ ಕಂದಾಯ, ಬೆಸ್ಕಾಂ ಬಿಲ್ಲು, ಜಲಮಂಡಳಿಯ ಬಡ್ಡಿ, ಇ-ಖಾತಾದಲ್ಲಿ ಇನ್ನೂ ಹಳೆಯ ಮಾಲೀಕರ ಹೆಸರು, ಹಿತ್ತಲ ಔಟ್‌ಹೌಸಿನಲ್ಲಿ ಯಾರಿಗೂ ಗೊತ್ತಿಲ್ಲದ ಬಾಡಿಗೆದಾರ, ಎಲ್ಲವೂ ಅವರ ಪಾಲಿಗೆ ಬರುತ್ತವೆ.

ಎಚ್ಚರಿಕೆ: ಲೀಸ್

ಕೈಪಿಡಿಯ ಈ ಪುಟವನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ. ಬೆಂಗಳೂರಿನ ಪಶ್ಚಿಮದಲ್ಲಿ, ಅದರಲ್ಲೂ ವಿಜಯನಗರ, ಮೂಡಲಪಾಳ್ಯ, ಕಾಮಾಕ್ಷಿಪಾಳ್ಯದ ಕಡೆ, ಭೋಗ್ಯಕ್ಕೆ ಮನೆ ಹಿಡಿಯುವುದು ದೊಡ್ಡ ರೂಢಿ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟರೆ ಮೂರು ವರ್ಷ ಬಾಡಿಗೆಯಿಲ್ಲ, ಹೊರಡುವಾಗ ಅಷ್ಟೂ ವಾಪಸ್. ಊರಿನ ಜಮೀನು ಮಾರಿದ ಹಣ, ಗಾರ್ಮೆಂಟ್ಸ್ ಕೆಲಸದ ಪಿಎಫ್, ಮಗಳ ಮದುವೆಗೆ ಕೂಡಿಟ್ಟ ಚೀಟಿ ದುಡ್ಡು, ಎಲ್ಲ ಸೇರಿ ಆ ಮೊತ್ತ ಆಗಿರುತ್ತದೆ. ಕಂತು ಕಟ್ಟಲಾಗದ ಮಾಲೀಕನಿಗೂ ಬೇಕಾಗಿರುವುದು ಅದೇ, ಒಂದೇ ಸಲ ಕೈಗೆ ಸಿಗುವ ಹಣ. ಹೀಗಾಗಿ ಮುಳುಗುತ್ತಿರುವ ಮನೆಗಳೇ ಲೀಸ್ ಮಾರುಕಟ್ಟೆಗೆ ಹೆಚ್ಚು ಬರುತ್ತವೆ, ಸ್ವಲ್ಪ ಅಗ್ಗಕ್ಕೂ ಸಿಗುತ್ತವೆ. ಅಗ್ಗವೆಂದೇ ಜನ ಹೋಗುತ್ತಾರೆ.

ಮಾದರಿ ಸಂಭಾಷಣೆ, ಬಾಗಿಲ ಬಳಿ:

"ಮನೆ ಖಾಲಿ ಮಾಡ್ಬೇಕಾಗುತ್ತೆ ಮೇಡಮ್."

"ಹದಿನಾಲ್ಕು ಲಕ್ಷ ಕೊಟ್ಟಿದೀವಿ ಸರ್. ಅಗ್ರಿಮೆಂಟ್ ಇದೆ."

"ರಿಜಿಸ್ಟರ್ ಮಾಡ್ಸಿದೀರಾ, ಬರೀ ಛಾಪಾ ಕಾಗದದ್ದಾ?"

ಆಮೇಲೆ ಮಾತಿಲ್ಲ. ಒಂದು ವರ್ಷ ಮೀರಿದ ಭೋಗ್ಯವನ್ನು ನೋಂದಾಯಿಸಲೇಬೇಕು, ಯಾರೂ ನೋಂದಾಯಿಸುವುದಿಲ್ಲ. 60 ದಿನದ ನೋಟಿಸು ಕೈಸೇರಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕ ಮನೆಯನ್ನು ಮಾರುವಂತಿಲ್ಲ, ಭೋಗ್ಯಕ್ಕೆ ಕೊಡುವಂತಿಲ್ಲ. ಆದರೆ ಆ ನೋಟಿಸು ಹೋಗುವುದು ಮಾಲೀಕನಿಗೆ. ಉಪನೋಂದಣಿ ಕಚೇರಿಯ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಸಾಲ ಕಾಣಬಹುದು, ಕಾಣದೆಯೂ ಇರಬಹುದು. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ತಂದ ಸಾಲಗಳ ದಾಖಲೆಗಾಗಿಯೇ 2011ರಿಂದ ಸರ್ಸಾಯಿ ಎಂಬ ಕೇಂದ್ರ ನೋಂದಣಿ ಇದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಬ್ರೋಕರುಗಳಿಗೆ ಅದರ ಹೆಸರು ಗೊತ್ತಿದೆಯೇ ಕೇಳಿ ನೋಡಿ. ಮಾಲೀಕನಿಗೆ ಹೋದದ್ದು ಮನೆ, ಬ್ಯಾಂಕಿಗೆ ಹೋದದ್ದು ಬಡ್ಡಿ. ಲೀಸಿನವರಿಗೆ ಹೋದದ್ದು ಅವರಲ್ಲಿದ್ದದ್ದೆಲ್ಲ. ಪಾಳು ಮನೆಗಳ ಬಗ್ಗೆ ಮರುಗುವವರು ಈ ಮೂರನೆಯವರನ್ನು ಮರೆಯುವುದೇ ಹೆಚ್ಚು.

ಕೋರ್ಟ್ ಮಾದರಿ

ಅಪ್ಪ ಕಟ್ಟಿಸಿದ ಮನೆ, ಐವರು ಮಕ್ಕಳು, ಒಂದು ಮೂವತ್ತು-ನಲವತ್ತು. ವಿಭಾಗದ ದಾವೆ. ಹೆಣ್ಣುಮಕ್ಕಳಿಗೆ ಪಾಲು ಬಂದದ್ದರಿಂದ ಹೀಗಾಯಿತು ಎಂದು ಹೇಳುವವರು ಸಿಗುತ್ತಾರೆ, ನಂಬಬೇಡಿ. ಕರ್ನಾಟಕ 1994ರಲ್ಲಿಯೇ ಹೆಣ್ಣುಮಕ್ಕಳನ್ನು ಸಹದಾಯಾದಿಗಳನ್ನಾಗಿಸಿತು, 2005ರಲ್ಲಿ ಕೇಂದ್ರವೂ ಮಾಡಿತು, ಉಳಿದ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು. ದಾವೆ ಎಳೆಯುವುದು ಕಾನೂನು ಅಸ್ಪಷ್ಟವಾಗಿದೆ ಎಂದಲ್ಲ, ಸ್ಪಷ್ಟವಾಗಿದೆ ಎಂದು: ಸೋಲು ಖಚಿತವಿರುವವರಿಗೆ ವಾಯಿದೆಗಿಂತ ಒಳ್ಳೆಯ ಆಸ್ತಿ ಬೇರೆ ಇಲ್ಲ.

ಪ್ರಾಥಮಿಕ ಡಿಕ್ರಿ ಬಂದಿತು ಎಂದು ಸಿಹಿ ಹಂಚಬೇಡಿ. ಯಾರಿಗೆ ಎಷ್ಟು ಎಂದು ಅದು ಹೇಳುತ್ತದೆ, ಯಾವ ಕೋಣೆ ಯಾರಿಗೆ ಎಂದು ಹೇಳುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿಯ ಪ್ರಕ್ರಿಯೆ ಬೇರೆಯೇ ಇದೆ. ಕಮಿಷನರ್ ಟೇಪು ಹಿಡಿದು ಬರುತ್ತಾರೆ, ಸಾವಿರದ ಇನ್ನೂರು ಚದರಡಿಯನ್ನು ಐದು ಭಾಗ ಮಾಡಿದರೆ ಒಬ್ಬರಿಗೆ ಬಚ್ಚಲು, ಮತ್ತೊಬ್ಬರಿಗೆ ಮೆಟ್ಟಿಲು ಬರುತ್ತದೆಂದು ವರದಿ ಕೊಡುತ್ತಾರೆ. ಹೀಗೆ ಹಂಚಲಾಗದ್ದನ್ನು ಮಾರಿ ಹಣ ಹಂಚಲು 1893ರ ವಿಭಜನಾ ಕಾಯ್ದೆಯಲ್ಲೇ ದಾರಿಯಿದೆ. ನೂರಮೂವತ್ತು ವರ್ಷ ಹಳೆಯ ದಾರಿ, ಅಲ್ಲಿಗೆ ತಲುಪುವಷ್ಟರಲ್ಲಿ ಐವರಲ್ಲಿ ಇಬ್ಬರು ತೀರಿಕೊಂಡು ಅವರ ಮಕ್ಕಳು ದಾವೆಗೆ ಸೇರಿರುತ್ತಾರೆ. ಅಷ್ಟೂ ಕಾಲ ಮನೆಗೆ ಸುಣ್ಣ ಹೊಡೆಸುವವರಿಲ್ಲ. ಸುಣ್ಣ ಹೊಡೆಸಿದವರು ಸ್ವಾಧೀನದಲ್ಲಿದ್ದಾರೆಂದು ಉಳಿದವರು ಮೆಮೊ ಹಾಕುತ್ತಾರೆ.

ಸರ್ಕಾರಿ ಮಾದರಿ

ಅನುದಾನ ನಿಜಕ್ಕೂ ಸುರಿದದ್ದು ಇಲ್ಲಿ. 2005ರ ಡಿಸೆಂಬರಿನಲ್ಲಿ ನಗರ ನವೀಕರಣದ ಜೆ-ನರ್ಮ್ ಯೋಜನೆ ಶುರುವಾಯಿತು, ಆಮೇಲೆ ರಾಜೀವ್ ಆವಾಸ್, 2015ರಿಂದ ಪ್ರಧಾನಮಂತ್ರಿ ಆವಾಸ್. ಕೊಳೆಗೇರಿ ಮಂಡಳಿ, ಗೃಹಮಂಡಳಿ, ಪಾಲಿಕೆಗಳು ದೇಶದ ಎಲ್ಲೆಡೆ ಕಟ್ಟಿದವು. ಕಟ್ಟಿದ್ದರಲ್ಲಿ ಎಷ್ಟೋ ಖಾಲಿ ಉಳಿದವು, ಏಕೆಂದರೆ ಅಗ್ಗದ ಜಾಗ ಸಿಗುವುದು ಊರಾಚೆ, ಮನೆ ಬೇಕಾದವರ ಕೂಲಿ ಇರುವುದು ಊರೊಳಗೆ. ಮಾಗಡಿ ರಸ್ತೆಯಲ್ಲಿ ಮೂರು ಮನೆ ಪಾತ್ರೆ ತೊಳೆಯುವ ಹೆಂಗಸಿಗೆ ಊರಾಚೆ ನಾಲ್ಕನೇ ಮಹಡಿಯಲ್ಲಿ ಪಕ್ಕಾ ಮನೆ ಕೊಟ್ಟರೆ, ಆಕೆ ಹಕ್ಕುಪತ್ರವನ್ನು ಟ್ರಂಕಿನಲ್ಲಿಟ್ಟು ಅಗ್ರಹಾರ ದಾಸರಹಳ್ಳಿಯ ಶೀಟಿನ ಮನೆಯಲ್ಲೇ ಇರುತ್ತಾಳೆ. ಲೆಕ್ಕ ಆಕೆಗೆ ಸರಿಯಾಗಿಯೇ ಬರುತ್ತದೆ.

ಕೊರೊನಾ ಕಾಲದಲ್ಲಿ ವಲಸೆ ಕಾರ್ಮಿಕರು ನಡೆದು ಊರಿಗೆ ಹೋದ ಮೇಲೆ, 2020ರ ಜುಲೈನಲ್ಲಿ, ಕೇಂದ್ರ ಸಂಪುಟ ಕೈಗೆಟಕುವ ಬಾಡಿಗೆ ವಸತಿ ಯೋಜನೆಯನ್ನು ಒಪ್ಪಿತು. ಸರ್ಕಾರದ ಹಣದಲ್ಲೇ ಕಟ್ಟಿ ಖಾಲಿ ಬಿದ್ದಿರುವ 1.08 ಲಕ್ಷ ಮನೆಗಳನ್ನು ರಿಪೇರಿ ಮಾಡಿ, 25 ವರ್ಷದ ಒಪ್ಪಂದದ ಮೇಲೆ ಖಾಸಗಿಯವರಿಗೋ ಸರ್ಕಾರಿ ಸಂಸ್ಥೆಗೋ ಕೊಟ್ಟು ಬಾಡಿಗೆಗೆ ಬಿಡುವುದು. ನಮ್ಮ ದೇಶದಲ್ಲಿ ಪಾಳು ಮನೆಗೆಂದೇ ಸರ್ಕಾರ ಕೈಹಾಕಿದ್ದು ಎಂದರೆ ಇದೇ, ಆ ಪಾಳು ಮನೆಗಳು ಅದರವೇ. ಬದಲಾದದ್ದು ಸುಮಾರು 5,600 ಮನೆ, ಚಂಡೀಗಢ, ಗುಜರಾತ್, ರಾಜಸ್ಥಾನ, ಉತ್ತರಾಖಂಡ, ಜಮ್ಮು-ಕಾಶ್ಮೀರದಲ್ಲಿ. ಕರ್ನಾಟಕ ಆ ಪಟ್ಟಿಯಲ್ಲಿಲ್ಲ.

ಬಡವರಲ್ಲದವರಿಗೂ ಇದೇ ಕಥೆಯ ಒಂದು ಆವೃತ್ತಿ ಉಂಟು. ಕೆಂಗೇರಿಯ ಆಸುಪಾಸಿನ ಕೊಮ್ಮಘಟ್ಟ, ಕಣಿಮಿಣಿಕೆಗಳಲ್ಲಿ ಬಿಡಿಎ ಕಟ್ಟಿದ ಫ್ಲಾಟುಗಳು ಬೇಗ ಖರ್ಚಾಗದೆ, ರಿಯಾಯಿತಿ ಕೊಟ್ಟು, ಮೇಳ ನಡೆಸಿ ಮಾರಬೇಕಾಯಿತು. ಬಿನ್ನಿ ಮಿಲ್ ಬಳಿ ಪೊಲೀಸರಿಗೆಂದು ಕಟ್ಟಿದ ಬಹುಮಹಡಿ ವಸತಿಯ 'ಬಿ' ಬ್ಲಾಕ್ 2021ರ ಅಕ್ಟೋಬರಿನಲ್ಲಿ ವಾಲಿತೆಂದು ಅಲ್ಲಿದ್ದ ಕುಟುಂಬಗಳನ್ನು ಖಾಲಿ ಮಾಡಿಸಿದರು; ಕಟ್ಟಿ ಕೆಲವೇ ವರ್ಷವಾಗಿತ್ತು. ಹೊಸ ಮನೆಯನ್ನು ಪಾಳು ಮನೆಯಾಗಿಸಲು ನಮ್ಮಲ್ಲಿ ಬ್ಯಾಂಕೇ ಬೇಕೆಂದಿಲ್ಲ.

ದೋಷ ನಿವಾರಣೆ

ಪಕ್ಕದ ಮನೆ ವಾಲುತ್ತಿದೆ: ಬೇಗ ಹೇಳಿ, ಜೋರಾಗಿ ಹೇಳಿ. ಅದೇ 2021ರ ಅಕ್ಟೋಬರಿನ ಮಳೆಯಲ್ಲಿ ಬಸವೇಶ್ವರನಗರದ ಕಮಲಾನಗರದಲ್ಲಿ ನಾಲ್ಕು ಮಹಡಿಯ ಕಟ್ಟಡ ವಾಲಿದಾಗ ಜನರನ್ನು ಹೊರತಂದು, ಕಟ್ಟಡ ಕೆಡವಿದರು. ಅಪಾಯದ ಕಟ್ಟಡ ತೆರವು ಮಾಡಿಸುವ ಅಧಿಕಾರ ಪಾಲಿಕೆಗಿದೆ. ವಾಲುವ ಮೊದಲು ಅದು ನೆನಪಾಗುವುದು ಅಪರೂಪ.

ಯಾವ ಪಾಲಿಕೆ ಎಂದು ತಿಳಿಯುತ್ತಿಲ್ಲ: 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ರಾಜಾಜಿನಗರ, ವಿಜಯನಗರದವರು ಪಶ್ಚಿಮ ನಗರ ಪಾಲಿಕೆಗೆ ಬಂದರು. ಕಚೇರಿಯ ಬೋರ್ಡು ಹೊಸದು, ಒಳಗಿನ ಬೀರು ಹಳೆಯದು.

ಅನುದಾನ ಬಂದೇಬಿಟ್ಟರೆ

ಕೈಪಿಡಿ ಬರೆದವರಿಗೂ ಒಂದು ಅಭಿಪ್ರಾಯವಿರಲು ಬಿಡಿ. ಸರ್ಕಾರ ನಾಳೆ ಪಾಳು ಮನೆಗಳಿಗೆಂದು ಹಣ ಇಟ್ಟರೆ ಇಟ್ಟಿಗೆ ಸಿಮೆಂಟಿಗೆ ಕೊಡಬೇಡಿ. ದಾವೆ ನಡೆಯುವ ಮನೆಗೆ ರಿಸೀವರ್ ನೇಮಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ರಿಸೀವರ್ ರಿಪೇರಿ ಮಾಡಿಸಿ, ಬಾಡಿಗೆಗೆ ಕೊಟ್ಟು, ಬಾಡಿಗೆಯನ್ನು ಕೋರ್ಟಿನಲ್ಲಿ ಕಟ್ಟುತ್ತಾ ಹೋಗಬಹುದು, ಐವರು ನಿಧಾನವಾಗಿ ಜಗಳವಾಡಿಕೊಳ್ಳಲಿ. ರಿಪೇರಿಯ ಮೊದಲ ಖರ್ಚು ಯಾರು ಹಾಕುವುದು ಎಂಬಲ್ಲಿ ಆ ಅರ್ಜಿಗಳು ನಿಲ್ಲುತ್ತವೆ. ಅನುದಾನ ಅಷ್ಟನ್ನು ಹಾಕಿ, ಬಾಡಿಗೆಯಿಂದ ವಾಪಸ್ ಪಡೆಯಲಿ. ಹರಾಜಿಗೆ ಬಂದ ಮನೆಗಳನ್ನು ಅಮೆರಿಕದ ಊರುಗಳಂತೆ ಗೃಹಮಂಡಳಿಯೇ ಕೂಗಿ ಕೊಳ್ಳಲಿ, ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಡಲಿ. ವಿಜಯನಗರದ ಒಂದು ನಿವೇಶನದ ಬೆಲೆಗೆ ಊರಾಚೆ ಎಷ್ಟೋ ಮನೆ ಕಟ್ಟಬಹುದು ಎಂದು ಹಣಕಾಸು ಇಲಾಖೆ ಬರೆಯುತ್ತದೆ, ಬರೆಯಲೇಬೇಕು. ಊರಾಚೆಯ ಆ ಮನೆಗಳಲ್ಲಿ ಎಷ್ಟರಲ್ಲಿ ರಾತ್ರಿ ದೀಪ ಉರಿಯುತ್ತದೆ ಎಂಬುದನ್ನೂ ಅದೇ ಕಡತದಲ್ಲಿ ಬರೆದರೆ ಲೆಕ್ಕ ಪೂರ್ತಿಯಾಗುತ್ತದೆ.

ಅರ್ಜಿ ನಮೂನೆ ಅಚ್ಚಾಗುವಾಗ ಮೊದಲ ಕಾಲಂನಲ್ಲಿ ಮನೆ ನಂಬರು ಕೇಳಬೇಡಿ, ಒ.ಎಸ್. ನಂಬರು ಕೇಳಿ. ಎರಡನೆಯದರಲ್ಲಿ ಎನ್‌ಪಿಎ ಆದ ತಾರೀಖು. ಮೂರನೆಯದು: ಲೀಸ್‌ಗೆ ದುಡ್ಡು ಕೊಟ್ಟವರು ಯಾರು, ಎಷ್ಟು, ಈಗ ಅವರು ಎಲ್ಲಿದ್ದಾರೆ. ಆ ಕಾಲಂ ತುಂಬದ ಅರ್ಜಿಯನ್ನು ಸ್ವೀಕರಿಸಬಾರದು.